ದೋಸೆ ಕಲ್ಲಿನ ಮೇಲೆ ಉಳಿದ ಗೋಧಿ

ಬೆಳಗಿನ ಎಂಟು ಗಂಟೆ. ಯಶವಂತಪುರ ರೈಲು ನಿಲ್ದಾಣದ ಆಸುಪಾಸಿನ ಯಾವುದೇ ದರ್ಶಿನಿಯ ಒಲೆಯ ಮುಂದೆ ಐದು ನಿಮಿಷ ನಿಂತು ನೋಡಬೇಕು. ಭಟ್ಟರು ಕಾದ ಕಲ್ಲಿಗೆ ನೀರು ಚಿಮುಕಿಸುತ್ತಾರೆ, ಚುಯ್ ಎಂದು ಆವಿ ಏಳುತ್ತದೆ, ಮೋಟು ಪೊರಕೆಯಿಂದ ಒಮ್ಮೆ ಗುಡಿಸುತ್ತಾರೆ. ಕಲ್ಲಿನ ಒಂದು ಬದಿಗೆ ಮಸಾಲೆ ದೋಸೆ, ಇನ್ನೊಂದು ಬದಿಗೆ ರವೆ ದೋಸೆ. ರವೆ ದೋಸೆಯ ಹಿಟ್ಟನ್ನು ಸೌಟಿನಿಂದ ತಿರುವುವುದಿಲ್ಲ. ನೀರಾಗಿ ಕಲಸಿದ ಹಿಟ್ಟನ್ನು ಮೇಲಿನಿಂದ ಎರಚುತ್ತಾರೆ, ಅದು ತೂತು ತೂತಾಗಿ ಹರಡಿಕೊಳ್ಳುತ್ತದೆ. ಎರಚುವಾಗ ನಾಲ್ಕು ಹನಿ ಪಕ್ಕದ ಮಸಾಲೆ ದೋಸೆಯ ಅಂಚಿಗೂ ಸಿಡಿಯುತ್ತವೆ. ರವೆ ದೋಸೆ ಎದ್ದ ಜಾಗಕ್ಕೆ ಮತ್ತೆ ನೀರು, ಮತ್ತೆ ಅದೇ ಪೊರಕೆ, ಅದರ ಮೇಲೆ ಅಕ್ಕಿ-ಉದ್ದಿನ ಹಿಟ್ಟು.

ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಇದರಲ್ಲಿ ನೋಡುವಂಥದ್ದು ಏನೂ ಇಲ್ಲ. ಸೀಲಿಯಾಕ್ ಕಾಯಿಲೆ ಇರುವವರಿಗೆ ಮಾತ್ರ ಆ ನಾಲ್ಕು ಹನಿ ಮುಖ್ಯ, ಏಕೆಂದರೆ ರವೆಯೂ ಗೋಧಿಯೇ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಅವರ ಹೊಟ್ಟೆ ಸೇರಿದರೆ, ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸಾರ ಹೀರುವ ಅಲ್ಲಿನ ಸೂಕ್ಷ್ಮ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ಮೂಳೆ ಸವೆತ, ವರ್ಷಗಟ್ಟಲೆ ಭೇದಿ, ಕೆಲವರಲ್ಲಿ ಮೇಲ್ನೋಟಕ್ಕೆ ಏನೂ ಕಾಣದೆ ಒಳಗೇ ನಡೆಯುವ ಹಾನಿ. ಇದಕ್ಕೆ ಒಪ್ಪಿತವಾದ ಚಿಕಿತ್ಸೆ ಒಂದೇ, ಬದುಕಿರುವಷ್ಟು ದಿನ ಗ್ಲುಟೆನ್ ಬಿಡುವುದು. ಎಷ್ಟು ಬಿಡಬೇಕು? ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆ ಸೇರಿದರೂ ಕರುಳಿಗೆ ಪೆಟ್ಟಾಗುತ್ತದೆ ಎಂದು ಇಟಲಿಯ ಸಂಶೋಧಕರು 2007ರಲ್ಲಿ ತೋರಿಸಿಕೊಟ್ಟರು. ಒಂದು ಗ್ರಾಂ ಮೈದಾದಲ್ಲೇ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಬೆರಳ ತುದಿಗೆ ಮೆತ್ತಿಕೊಂಡ ಹಿಟ್ಟಿನಷ್ಟು ಸಾಕು ಎಂದಾಯಿತು.

ಯಲಹಂಕ, ಹೆಬ್ಬಾಳ, ಜಾಲಹಳ್ಳಿ, ಆರ್.ಟಿ. ನಗರ ಸೇರಿದ ಬೆಂಗಳೂರಿನ ಈ ಉತ್ತರ ಸೀಮೆಯಲ್ಲಿ ಇಂಥ ಲೆಕ್ಕ ಹಾಕಬೇಕಾಗಿ ಬಂದದ್ದೇ ಒಂದು ವಿಚಿತ್ರ. ನೂರು ವರ್ಷದ ಹಿಂದೆ ಇಲ್ಲಿನ ರೈತನ ಮನೆಯಲ್ಲಿ ಉಂಡವರು ಯಾರೂ ಗ್ಲುಟೆನ್ ಬಗ್ಗೆ ಯೋಚಿಸಬೇಕಿರಲಿಲ್ಲ. ದಿನದ ಊಟದಲ್ಲಿ ಅದು ಇರುತ್ತಲೇ ಇರಲಿಲ್ಲ.

ಮಾತಿನಲ್ಲೇ ಅದಕ್ಕೆ ಸಾಕ್ಷಿ ಇದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ 'ಹಿಟ್ಟು ಉಂಡ್ಯಾ?' ಎಂದರೆ ಮುದ್ದೆ ಉಂಡೆಯಾ ಎಂದೇ ಅರ್ಥ. ಯಾವ ಹಿಟ್ಟು ಎಂದು ಯಾರೂ ಕೇಳುತ್ತಿರಲಿಲ್ಲ, ಹಿಟ್ಟು ಎಂದರೆ ರಾಗಿ. ಕೈಕೆಲಸದ ಮಾತೂ ಹಾಗೆಯೇ. ರೊಟ್ಟಿಯನ್ನು ತಟ್ಟುತ್ತಾರೆ, ಚಪಾತಿಯನ್ನು ಲಟ್ಟಿಸುತ್ತಾರೆ. ರಾಗಿ, ಅಕ್ಕಿ, ಜೋಳದ ಹಿಟ್ಟಿಗೆ ಎಳೆದರೆ ಹಿಗ್ಗುವ ಜಿಗುಟಿಲ್ಲ. ಲಟ್ಟಣಿಗೆ ಇಟ್ಟರೆ ಸೀಳುತ್ತದೆ, ಅದಕ್ಕೇ ಒದ್ದೆ ಕೈಯಿಂದ ತಟ್ಟಿ ತಟ್ಟಿ ಅಗಲ ಮಾಡಬೇಕು. ಗೋಧಿಗೆ ಆ ಜಿಗುಟಿದೆ, ಅದು ಗ್ಲುಟೆನ್‌ನ ಗುಣ. ಹೋಳಿಗೆಯ ಕಣಕವನ್ನು ಎಣ್ಣೆಯಲ್ಲಿ ನಾದಿ ಎರಡು ಗಂಟೆ ನೆನೆಯಲು ಬಿಟ್ಟು, ಬೆಣ್ಣೆಯಂತಾದ ಮೇಲೆ ಅದರೊಳಗೆ ಹೂರಣದ ಉಂಡೆ ಇಟ್ಟು ಎಳೆದು ಮುಚ್ಚುವ ಹೆಂಗಸರು ಗ್ಲುಟೆನ್ ಎಂಬ ಪದ ಕೇಳಿರಲಿಲ್ಲ. ಅದರ ಸ್ವಭಾವವನ್ನು ಮಾತ್ರ ಅಂಗೈಯಲ್ಲಿ ಬಲ್ಲವರಾಗಿದ್ದರು. ಗೋಧಿ ಈ ಸೀಮೆಗೆ ಅಪರಿಚಿತವೇನೂ ಆಗಿರಲಿಲ್ಲ, ಜವೆಗೋಧಿಯನ್ನು ಅಲ್ಲಲ್ಲಿ ಬೆಳೆಯುತ್ತಿದ್ದರು. ಆದರೆ ಅದು ಹಬ್ಬದ ಧಾನ್ಯ. ಯುಗಾದಿಯ ಹೋಳಿಗೆ, ಮದುವೆಯ ಚಿರೋಟಿ, ಗೋಧಿ ಪಾಯಸ, ಅಷ್ಟೇ.

ಈ ರಾಗಿಯ ನಾಡಿಗೆ ಒಂದು ಅಧಿಕೃತ ವಿಳಾಸವೂ ಇತ್ತು, ಹೆಬ್ಬಾಳ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಅಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ರಸಾಯನಶಾಸ್ತ್ರಜ್ಞ ಅಡಾಲ್ಫ್ ಲೆಹ್ಮನ್ ಅಲ್ಲಿ ಕೆಲಸ ಆರಂಭಿಸಿದರು. ಬಳಿಕ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಕಾಲದಲ್ಲಿ, 1913ರಲ್ಲಿ, ಕೃಷಿ ಶಾಲೆ ಬಂತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ತೆಗೆದರು, ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ದೇಶದ ಕಿರುಧಾನ್ಯ ಸಂಶೋಧನೆಗಳನ್ನು ಒಗ್ಗೂಡಿಸುವ ಯೋಜನೆಯ ಕೇಂದ್ರ ಬಹುಕಾಲ ಈ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿತ್ತು. ಅದೇ ವಿಶ್ವವಿದ್ಯಾನಿಲಯದ ಹೆಬ್ಬಾಳದ ಆವರಣದಲ್ಲಿ ಬೇಕರಿ ತರಬೇತಿ ಘಟಕವೂ ಇದೆ. ಮೈದಾ ನಾದಿ ಬ್ರೆಡ್ಡು, ಬನ್ನು ಮಾಡುವುದನ್ನು ಅಲ್ಲಿ ಕಲಿತು ಸ್ವಂತ ಬೇಕರಿ ತೆರೆದವರು ಎಷ್ಟೋ ಮಂದಿ. ರಾಗಿಯ ನೆಲದಲ್ಲಿ ಗೋಧಿ ಹೇಗೆ ಬೇರೂರಿತು ಎಂಬ ಕಥೆಯನ್ನು ಈ ಎರಡು ಕಟ್ಟಡಗಳೇ ಹೇಳುತ್ತವೆ.

ಆ ಕಥೆಯ ಮೊದಲ ತಿರುವು ಹೋಟೆಲಿನಲ್ಲಿ, ಅದೂ ಯುದ್ಧದ ಕಾಲದಲ್ಲಿ.

ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸಹೋದರರು 1924ರಲ್ಲಿ ತೆರೆದ ಬ್ರಾಹ್ಮಿನ್ಸ್ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಆದದ್ದು. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದರು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು, ಅಕ್ಕಿ ದೊರೆಯುವುದೇ ಕಷ್ಟವಾಯಿತು. ಇಡ್ಲಿಯ ಹೋಟೆಲಿನವರು ಅಕ್ಕಿ ಇಲ್ಲದೆ ಏನು ಮಾಡಬೇಕು? ರವೆಯನ್ನು ಹುರಿದು, ಮೊಸರು ಬೆರೆಸಿ, ಒಗ್ಗರಣೆ ಹಾಕಿ, ಹಬೆಯಲ್ಲಿ ಬೇಯಿಸಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಆ ಹೋಟೆಲಿನವರೇ ಹೇಳಿಕೊಂಡು ಬಂದಿರುವ ಸಂಗತಿ. ಯುದ್ಧ ಮುಗಿಯಿತು, ಅಕ್ಕಿ ಮರಳಿತು, ರವೆ ಇಡ್ಲಿ ಮಾತ್ರ ಹೋಗಲಿಲ್ಲ. ಊರಿನ ಹೋಟೆಲುಗಳೆಲ್ಲ ಅದನ್ನು ಕಲಿತವು.

ಅದೇ ಯುದ್ಧ ಹಾಲೆಂಡಿನ ಅಡುಗೆಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಪಾಠ ಹೇಳಿತು. ಹೇಗ್ ನಗರದ ಮಕ್ಕಳ ಆಸ್ಪತ್ರೆಯ ವೈದ್ಯ ವಿಲೆಮ್ ಕಾರೆಲ್ ಡಿಕ್ಕೆ ಅವರಿಗೆ ಸೀಲಿಯಾಕ್ ಮಕ್ಕಳ ತೊಂದರೆಗೆ ಬ್ರೆಡ್ಡು ಕಾರಣವಿರಬಹುದೇ ಎಂಬ ಗುಮಾನಿ ಮೂವತ್ತರ ದಶಕದಿಂದಲೇ ಇತ್ತು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ವಿವರವಾಗಿ ಬರೆದು, ಗುಣವಾಗುವುದಿದ್ದರೆ ಅದು ಆಹಾರದಿಂದಲೇ ಎಂದಿದ್ದರೂ ಯಾವ ಆಹಾರ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದಲ್ಲಿ 1924ರಿಂದ ಮಕ್ಕಳಿಗೆ ಬಾಳೆಹಣ್ಣು ತಿನ್ನಿಸಿ ಬದುಕಿಸುತ್ತಿದ್ದರು. 1944-45ರ ಚಳಿಗಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಭೀಕರ ಬರ. ಬ್ರೆಡ್ಡಿಲ್ಲದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಡಿಕ್ಕೆ 1950ರಲ್ಲಿ ತಮ್ಮ ಪ್ರೌಢಪ್ರಬಂಧದಲ್ಲಿ ಗೋಧಿಯೇ ಕಾರಣ ಎಂದು ದಾಖಲಿಸಿದರು. ಅಕ್ಕಿ ಕಳೆದುಕೊಂಡ ಬೆಂಗಳೂರು ಇಡ್ಲಿಗೆ ಗೋಧಿ ಹಾಕಿಕೊಂಡ ವರ್ಷಗಳು, ಗೋಧಿ ಕಳೆದುಕೊಂಡ ಹಾಲೆಂಡು ಅದರ ಇನ್ನೊಂದು ಮುಖ ಕಂಡ ವರ್ಷಗಳು, ಎರಡೂ ಅದೇ ಯುದ್ಧದವು. ಡಿಕ್ಕೆಯವರ ಮಾತು ಬೆಂಗಳೂರಿನ ಅಡುಗೆಮನೆಗೆ ಬಂದು ತಲುಪಲು ಮಾತ್ರ ಇನ್ನೂ ಐವತ್ತು ವರ್ಷ ಬೇಕಾಯಿತು.

ಅಷ್ಟರಲ್ಲಿ ಗೋಧಿ ಎಲ್ಲ ದಿಕ್ಕಿನಿಂದಲೂ ಬರತೊಡಗಿತ್ತು. 1956ರಲ್ಲಿ ಆಹಾರ ನೆರವಿನ ಪಿ.ಎಲ್. 480 ಒಪ್ಪಂದವಾಗಿ ಅಮೆರಿಕದ ಗೋಧಿ ಹಡಗು ಹಡಗೇ ಇಳಿಯಿತು. ಅರವತ್ತರ ದಶಕದ ನಡುವಿನ ಬರದ ವರ್ಷಗಳಲ್ಲಿ ಅದು ನ್ಯಾಯಬೆಲೆ ಅಂಗಡಿಯ ಚೀಲಕ್ಕೆ ಬಂತು. ಕೇರ್ ಸಂಸ್ಥೆಯ ನೆರವಿನಿಂದ ಶಾಲೆಗಳಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಉಪ್ಪಿಟ್ಟಿನ ಪರಿಮಳವನ್ನು ಆಗ ಮಕ್ಕಳಾಗಿದ್ದವರು ಈಗಲೂ ನೆನೆಯುತ್ತಾರೆ. ಮುದ್ದೆ ಉಂಡು ಶಾಲೆಗೆ ಹೋದ ಮಗು ಗೋಧಿ ನುಚ್ಚು ತಿಂದು ಮನೆಗೆ ಬಂತು. ಹಸಿದ ಹೊಟ್ಟೆಗೆ ಅದು ಅನ್ನವೇ ಆಗಿತ್ತು, ಅದರ ಋಣವನ್ನು ಯಾರೂ ಸಣ್ಣದು ಮಾಡಬಾರದು.

ಇನ್ನೊಂದು ಕಡೆಯಿಂದ ಕಾರ್ಖಾನೆಗಳು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್., ಯಲಹಂಕದಲ್ಲಿ 1963ರಲ್ಲಿ ವಾಯುನೆಲೆ, 1984ರಲ್ಲಿ ರೈಲು ಗಾಲಿ ಕಾರ್ಖಾನೆ. ದೇಶದ ಎಲ್ಲ ಮೂಲೆಗಳಿಂದ ಬಂದ ನೌಕರರು, ಯೋಧರು ತಮ್ಮ ಜೊತೆ ಚಪಾತಿ, ಪರೋಟ, ಪೂರಿಯನ್ನೂ ತಂದರು. ಆಸುಪಾಸಿನ ಹೋಟೆಲಿನ ಹಲಗೆಯ ಮೇಲೆ ಪೂರಿ-ಸಾಗು ಏರಿತು. ಬೀದಿ ತಿರುವುಗಳಲ್ಲಿ ಅಯ್ಯಂಗಾರ್ ಬೇಕರಿಗಳು ಬಂದವು. ಹಾಸನದ ಕಡೆಯ ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬೇಕರಿಯಿಂದ ಮೊದಲಾದ ಆ ಪರಂಪರೆ ಈಗ ಯಲಹಂಕದ ಉಪನಗರದವರೆಗೂ ಹಬ್ಬಿದೆ. ಖಾರಾ ಬನ್ನು, ಪಲ್ಯದ ಬನ್ನು, ದಿಲ್‌ಪಸಂದು, ಎಲ್ಲವೂ ಮೈದಾ.

ಆಮೇಲೆ ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಅದರ ಹೊಸತನ ಇದ್ದದ್ದು ಮೂರರಲ್ಲಿ. ನಿಂತು ತಿನ್ನುವುದು, ಬೇಗ ಕೊಡುವುದು, ಅಡುಗೆ ಗಿರಾಕಿಯ ಕಣ್ಣೆದುರೇ ಆಗುವುದು. ಊರಿನ ಉತ್ತರಕ್ಕೂ ಆ ಮಾದರಿ ಹಬ್ಬಿತು. ಸೀಲಿಯಾಕ್ ಇರುವವರಿಗೆ ಈ ಮೂರನೆಯದು ನಿಜವಾದ ಉಪಕಾರ. ಗೋಡೆಯ ಹಿಂದೆ ಏನಾಗುತ್ತಿದೆಯೋ ಎಂಬ ಭಯವಿಲ್ಲ, ಕಲ್ಲು ಕಾಣುತ್ತದೆ, ಬಾಣಲೆ ಕಾಣುತ್ತದೆ, ಯಾವ ಸೌಟು ಯಾವ ಪಾತ್ರೆಗೆ ಹೋಯಿತೆಂಬುದು ಕಾಣುತ್ತದೆ. ಎರಡನೆಯದೇ ಅಪಾಯ. ಬೇಗ ಕೊಡಬೇಕಾದ ಕಡೆ ಕಲ್ಲು ಒಂದೇ, ಎಣ್ಣೆಯ ಬಾಣಲೆ ಒಂದೇ. ಆ ಬಾಣಲೆಯಲ್ಲಿ ಮೊದಲು ಪೂರಿ, ಆಮೇಲೆ ಮೈದಾದ ಗೋಳಿಬಜೆ, ಆಮೇಲೆ ಉದ್ದಿನ ವಡೆ. ವಡೆಯಲ್ಲಿ ಗೋಧಿಯಿಲ್ಲ, ಎಣ್ಣೆಯಲ್ಲಿ ಇದೆ. ಖಾರಾಬಾತು, ಕೇಸರಿಬಾತು ಸೇರಿದ ಚೌಚೌ ಬಾತಿನ ತಟ್ಟೆಯಂತೂ ಅಡಿಯಿಂದ ಮುಡಿವರೆಗೆ ರವೆ. ಅದರ ಸೌಟೇ ಪಕ್ಕದ ಬಿಸಿಬೇಳೆಬಾತಿಗೂ ಇಳಿದರೆ ಕೇಳುವವರಿಲ್ಲ.

ಸಂಜೆಯ ಗಾಡಿಗಳದ್ದು ಬೇರೆ ಕಥೆ. ಗೋಬಿ ಮಂಚೂರಿಯ ಹೂಕೋಸು ಮೈದಾ-ಕಾರ್ನ್‌ಫ್ಲೋರಿನಲ್ಲಿ ಮುಳುಗಿ ಎದ್ದು ಬರುತ್ತದೆ. ಮೇಲೆ ಹುಯ್ಯುವ ಸೋಯಾ ಸಾಸನ್ನು ಸಾಂಪ್ರದಾಯಿಕವಾಗಿ ಸೋಯಾ ಮತ್ತು ಗೋಧಿ ಎರಡನ್ನೂ ಹುದುಗಿಸಿ ಮಾಡುತ್ತಾರೆ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಬಣ್ಣ ಕಣ್ಣಿಗೆ ಕಾಣುವಂಥದ್ದು, ಕಾಣದ್ದನ್ನು ತಿನ್ನುವವರೇ ಕೇಳಿ ತಿಳಿದುಕೊಳ್ಳಬೇಕು.

ಆ ಕೇಳುವುದರಲ್ಲೇ ದೊಡ್ಡ ತೊಡಕಿದೆ. ಆರ್.ಟಿ. ನಗರದ ಹೋಟೆಲೊಂದರಲ್ಲಿ 'ಅಣ್ಣ, ಇದಕ್ಕೆ ಗೋಧಿ ಹಾಕಿದ್ದೀರಾ?' ಎಂದು ಕೇಳಿದರೆ 'ಇಲ್ಲ ಸಾರ್, ಗೋಧಿ ಎಲ್ಲ ಹಾಕಲ್ಲ' ಎಂಬ ಉತ್ತರ ಬರುತ್ತದೆ. ಹೇಳಿದವರು ಸುಳ್ಳು ಹೇಳಿಲ್ಲ. ಕನ್ನಡದ ಅಡುಗೆಮನೆಯಲ್ಲಿ ಗೋಧಿ ಎಂದರೆ ಕಾಳು, ಇಲ್ಲವೇ ಚಪಾತಿ ಹಿಟ್ಟು. ರವೆ ಬೇರೆ ಡಬ್ಬಿ, ಮೈದಾ ಬೇರೆ ಡಬ್ಬಿ, ಚಿರೋಟಿ ರವೆ ಮತ್ತೊಂದು, ಶ್ಯಾವಿಗೆ ಇನ್ನೊಂದು. ಇವೆಲ್ಲ ಒಂದೇ ಕಾಳಿನ ಮಕ್ಕಳು ಎಂಬುದನ್ನು ದಿನಬಳಕೆಯ ಮಾತು ಮರೆತುಬಿಟ್ಟಿದೆ. ಹಳೆಯ ಬೀಸುವ ಕಲ್ಲಿನ ಕಾಲದಲ್ಲಿ ಗೋಧಿಯನ್ನು ನೆನೆಸಿ, ಒಣಗಿಸಿ, ಮನೆಯಲ್ಲೇ ಒಡೆದು ರವೆ ತೆಗೆಯುತ್ತಿದ್ದವರಿಗೆ ಈ ನಂಟು ಗೊತ್ತಿತ್ತು. ರೋಲರ್ ಗಿರಣಿಗಳು ಬಂದು, ಕಾಳು ಒಂದು ತುದಿಯಿಂದ ಹೋಗಿ ಇನ್ನೊಂದು ತುದಿಯಿಂದ ಮೈದಾ, ರವೆ, ಬೂಸಾ ಎಂದು ಬೇರೆ ಬೇರೆ ಚೀಲಗಳಾಗಿ ಬರತೊಡಗಿದ ಮೇಲೆ ಆ ನಂಟು ಕಡಿಯಿತು. ಆದ್ದರಿಂದ ಕೇಳುವವರು ಒಂದೊಂದರ ಹೆಸರು ಹಿಡಿದೇ ಕೇಳಬೇಕು. ಸಾಗು ಗಟ್ಟಿಯಾಗಲು ಮೈದಾ ಕದಡಿ ಹಾಕಿದ್ದೀರಾ? ದೋಸೆ ಗರಿಗರಿಯಾಗಲು ಹಿಟ್ಟಿಗೆ ಒಂದು ಹಿಡಿ ರವೆ ಸೇರಿಸಿದ್ದೀರಾ? ನೀರಾದ ವಡೆ ಹಿಟ್ಟಿಗೆ ಮೈದಾ ಉದುರಿಸಿದ್ದೀರಾ? ಈಗ ಎಷ್ಟೋ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತವರು ಒಡಿಶಾ, ಅಸ್ಸಾಂ, ನೇಪಾಳದ ಕಡೆಯ ಹುಡುಗರು. ಅವರಿಗೆ ರವೆ ಎಂದರೆ ಗೊತ್ತಾಗದಿದ್ದರೆ ಸೂಜಿ ಎನ್ನಬೇಕು.

ಪ್ರಶ್ನೆಗಳೆಲ್ಲ ಮುಗಿದ ಮೇಲೂ ಒಂದು ಪದಾರ್ಥ ಉಳಿಯುತ್ತದೆ. ಅದನ್ನು ಹಾಕಿದವರಿಗೇ ಅದರೊಳಗೆ ಏನಿದೆಯೆಂಬುದು ಗೊತ್ತಿರುವುದಿಲ್ಲ. ಅದು ಇಂಗು.

ಇಂಗು ಅಫ್ಘಾನಿಸ್ತಾನ, ಇರಾನ್, ಮಧ್ಯ ಏಷ್ಯಾದ ಒಣ ಬೆಟ್ಟಗಳಲ್ಲಿ ಬೆಳೆಯುವ ಫೆರುಲಾ ಗಿಡದ ಬೇರಿನಿಂದ ಒಸರುವ ಹಾಲು. ಅದು ಗಟ್ಟಿಯಾಗಿ ಮೇಣವಾದಾಗ ಅದರ ಘಾಟು ಎಷ್ಟು ಜೋರೆಂದರೆ ಹಾಗೇ ಬಳಸಲು ಆಗುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ಬೆಳೆಯಲು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದೇ 2020ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಬಂದದ್ದೆಲ್ಲ ಹೊರಗಿನಿಂದ. ಬಂದ ಮೇಣವನ್ನು ವ್ಯಾಪಾರಿಗಳು ಗೋಂದು ಮತ್ತು ಹಿಟ್ಟಿನೊಂದಿಗೆ ಕುಟ್ಟಿ, ಹದ ಮಾಡಿ, ಉಂಡೆ ಕಟ್ಟಿ ಮಾರುತ್ತಾರೆ. ಇದಕ್ಕೆ ಬಂಧಾನಿ ಇಂಗು ಎಂದು ಹೆಸರು. ಇದು ಕಲಬೆರಕೆಯಲ್ಲ, ಕಾನೂನೇ ಒಪ್ಪಿರುವ ಪದ್ಧತಿ. ಗೋಂದು, ಪಿಷ್ಟ ಅಥವಾ ಧಾನ್ಯದ ಹಿಟ್ಟು ಬೆರೆಸಬಹುದು ಎಂದು ಆಹಾರ ಮಾನಕವೇ ಹೇಳುತ್ತದೆ. ಬಹಳ ಕಡೆ ಆ ಹಿಟ್ಟು ಗೋಧಿಯದು. ಅಡುಗೆಮನೆಯ ಅಲಮಾರಿನಲ್ಲಿರುವ ಪುಟ್ಟ ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿದರೆ ಇದು ಗೊತ್ತಾಗುತ್ತದೆ.

ಬೆಂಗಳೂರಿನ ಸಸ್ಯಾಹಾರಿ ಹೋಟೆಲಿನಲ್ಲಿ ಇಂಗು ಇಲ್ಲದ್ದು ಯಾವುದಿದೆ? ಸಾಂಬಾರು, ತಿಳಿಸಾರು, ಬಿಸಿಬೇಳೆಬಾತು, ಪುಳಿಯೋಗರೆ ಗೊಜ್ಜು, ಚಟ್ನಿಯ ಒಗ್ಗರಣೆ, ಉಪ್ಪಿನಕಾಯಿ, ಬೇಸಿಗೆಯ ಮಸಾಲೆ ಮಜ್ಜಿಗೆ. ಹಾಗೆಂದು ಎಲ್ಲವೂ ಸಮಾನ ಅಪಾಯ ಎಂದು ಹೆದರುವುದೂ ಸರಿಯಲ್ಲ, ಲೆಕ್ಕ ಹಾಕಿ ನೋಡಬೇಕು. 20 ಲೀಟರಿನ ಸಾಂಬಾರಿನ ಹಂಡೆಗೆ ಹತ್ತು ಗ್ರಾಂ ಇಂಗು ಬಿತ್ತು, ಅದರಲ್ಲಿ ಅರ್ಧ ಗೋಧಿ ಹಿಟ್ಟು ಎಂದು ಇಟ್ಟುಕೊಳ್ಳೋಣ. ಐದು ಗ್ರಾಂ ಹಿಟ್ಟಿನಲ್ಲಿ ಸುಮಾರು 400 ಮಿಲಿಗ್ರಾಂ ಗ್ಲುಟೆನ್. ಹಂಡೆಯಲ್ಲಿ ಹಂಚಿದರೆ ಕಿಲೋಗೆ 20 ಮಿಲಿಗ್ರಾಂ. ಗ್ಲುಟೆನ್ ಮುಕ್ತ ಎಂದು ಬರೆದುಕೊಳ್ಳಲು ಅಂತಾರಾಷ್ಟ್ರೀಯ ಮಾನಕವೂ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಇಟ್ಟಿರುವ ಗೆರೆ ಸರಿಯಾಗಿ ಅಷ್ಟೇ. ಒಂದು ಬಟ್ಟಲು ಸಾಂಬಾರಿನಲ್ಲಿ ನಾಲ್ಕು ಮಿಲಿಗ್ರಾಂ. ಒಂದು ಬಟ್ಟಲಿಗೆ ನಿಂತರೆ ಬಚಾವಾಗಬಹುದು, ಇಡ್ಲಿಯನ್ನು ಸಾಂಬಾರಿನಲ್ಲೇ ಮುಳುಗಿಸಿ ಮೂರು ಸಲ ಹಾಕಿಸಿಕೊಂಡರೆ, ದಿನಕ್ಕೆ ಮೂರು ಹೊತ್ತು ಹೋಟೆಲಿನಲ್ಲೇ ತಿಂದರೆ, ಮೇಲೆ ಉಪ್ಪಿನಕಾಯಿ ಮಜ್ಜಿಗೆ ಸೇರಿದರೆ ಲೆಕ್ಕ ಬೇರೆಯಾಗುತ್ತದೆ. ಕೈಯಳತೆಯಲ್ಲಿ ಇಂಗು ಹಾಕುವ ಭಟ್ಟರ ಕೈ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಇದರ ಮುಂದೆ ರವೆ ದೋಸೆ ಎದ್ದ ಕಲ್ಲು ಹೆಚ್ಚು ಕೆಟ್ಟದ್ದು. ಅಲ್ಲಿ ಹಿಟ್ಟು ಹಂಡೆಯಲ್ಲಿ ಹಂಚಿಹೋಗುವುದಿಲ್ಲ, ಒಬ್ಬರ ದೋಸೆಗೇ ಅಂಟುತ್ತದೆ.

ಹಾಗಾದರೆ ಮುದ್ದೆ? ಬಳ್ಳಾರಿ ರಸ್ತೆಯ ಉದ್ದಕ್ಕೂ ಇರುವ ನಾಟಿ ಶೈಲಿಯ ಹೋಟೆಲುಗಳಲ್ಲಿ ಮುದ್ದೆ, ಸೊಪ್ಪಿನ ಸಾರು, ಕಾಳು ಸಾರು ಸಿಗುತ್ತದೆ. ಊಟದ ಮಟ್ಟಿಗೆ ಸೀಲಿಯಾಕ್ ಇರುವವರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಹತ್ತಿರದ ಆಸರೆ ಇಲ್ಲ. ಮುದ್ದೆ ತೊಳಸುವ ಪಾತ್ರೆಗೆ ಬೇರೇನೂ ಹೋಗುವುದಿಲ್ಲ, ಕೋಲೂ ಬೇರೆ. ಆದರೆ ರಾಗಿ ಹಿಟ್ಟಾದದ್ದು ಎಲ್ಲಿ ಎಂದು ಕೇಳಬೇಕು. ಬೀದಿಯ ಹಿಟ್ಟಿನ ಗಿರಣಿಯಲ್ಲಿ ಮೊದಲು ಬಂದವರು ಗೋಧಿ ಹಾಕಿಸಿಕೊಂಡು ಹೋಗಿರುತ್ತಾರೆ, ಮುಂದಿನ ಸರದಿ ರಾಗಿಯದು. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯಲ್ಲಿ ಉಳಿದ ಗೋಧಿಹಿಟ್ಟೆಲ್ಲ ಮೊದಲ ಎರಡು ಸೇರು ರಾಗಿಯ ಜೊತೆ ಬರುತ್ತದೆ. ರಾಗಿಹಿಟ್ಟಿನ ನಡುವೆ ಬಿಳಿ ಗೆರೆಯಂತೆ ಅದು ಕಣ್ಣಿಗೂ ಕಾಣುತ್ತದೆ. ಸ್ವಭಾವತಃ ಗ್ಲುಟೆನ್ ಇಲ್ಲದ ಧಾನ್ಯ, ಹಿಟ್ಟುಗಳ 22 ಮಾದರಿಗಳನ್ನು ಅಮೆರಿಕದಲ್ಲಿ 2010ರಲ್ಲಿ ಪರೀಕ್ಷಿಸಿದಾಗ ಏಳರಲ್ಲಿ ಮಿತಿ ಮೀರಿದ ಗ್ಲುಟೆನ್ ಸಿಕ್ಕಿತ್ತು. ಅಲ್ಲಿಯದೂ ಇದೇ ಬಗೆಯ ಕಥೆ, ಹೊಲ, ಲಾರಿ, ಗಿರಣಿಯಲ್ಲಿ ಆಗುವ ಬೆರಕೆ.

ಪಾನೀಯದಲ್ಲಿ ಹೆಸರಿನ ಗೊಂದಲ. 'ಮಾಲ್ಟ್ ಇರುವುದನ್ನು ಮುಟ್ಟಬೇಡಿ' ಎಂದು ವೈದ್ಯರು ಹೇಳುವುದು ಬಾರ್ಲಿ ಮಾಲ್ಟ್ ಬಗ್ಗೆ. ಅದನ್ನು ಕೇಳಿ ಮೊಳಕೆ ರಾಗಿಯ ಮಾಲ್ಟನ್ನು ಬಿಟ್ಟು, ಕಾಫಿ ಕೌಂಟರಿನಲ್ಲಿ ಹಾರ್ಲಿಕ್ಸ್ ಕೇಳಿದರೆ ತಿರುಗುಬಾಣವಾಗುತ್ತದೆ. ಗೋಧಿ, ಬಾರ್ಲಿ ಎರಡೂ ಇರುವುದು ಆ ಲೋಟದಲ್ಲೇ.

ಈ ಕಾಯಿಲೆ ಉತ್ತರದವರದು, ನಮ್ಮ ಕಡೆ ಇಲ್ಲ ಎಂಬ ಮಾತು ವೈದ್ಯರಲ್ಲೂ ಬಹಳ ಕಾಲ ಇತ್ತು. ಅದಕ್ಕೆ ಕಾರಣವಿಲ್ಲದೆ ಇಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ ಮೂರು ಭಾಗಗಳ 23,331 ಆರೋಗ್ಯವಂತ ವಯಸ್ಕರನ್ನು ಪರೀಕ್ಷಿಸಿದರು. ಸೀಲಿಯಾಕ್‌ನ ಗುರುತಾದ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರಲ್ಲಿ ಕಂಡವು, ದಕ್ಷಿಣದಲ್ಲಿ ಕೇವಲ ಶೇ. 0.10. ಆದರೆ ಅದೇ ಅಧ್ಯಯನ ಇನ್ನೆರಡು ಅಂಕಿ ಕೊಟ್ಟಿತು, ಬೆಂಗಳೂರಿನವರು ಗಮನಿಸಬೇಕಾದದ್ದು ಅವನ್ನು. ಕಾಯಿಲೆಗೆ ಆಸ್ಪದ ಕೊಡುವ ವಂಶವಾಹಿಗಳು ಉತ್ತರದಲ್ಲಿ ಶೇ. 38.1, ದಕ್ಷಿಣದಲ್ಲಿ ಶೇ. 36.4, ಹೆಚ್ಚೂಕಡಿಮೆ ಒಂದೇ. ದಿನಕ್ಕೆ ತಿನ್ನುವ ಗೋಧಿ ಮಾತ್ರ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಕಾಯಿಲೆಯ ಬೀಜ ಇಲ್ಲಿನ ಮೈಯಲ್ಲೂ ಇತ್ತು, ಅದಕ್ಕೆ ನೀರೆರೆಯುವ ಊಟ ಇರಲಿಲ್ಲ ಎಂದು ಇದರಿಂದ ಊಹಿಸಲು ಅವಕಾಶವಿದೆ. ಬೆಳಿಗ್ಗೆ ಖಾರಾಬಾತು, ಹನ್ನೊಂದಕ್ಕೆ ಬನ್ನು, ರಾತ್ರಿ ಸಕ್ಕರೆ ಕಾಯಿಲೆಯ ಭಯಕ್ಕೆ ಮೂರು ಚಪಾತಿ ಎನ್ನುವ ಹೆಬ್ಬಾಳದ ಇಂದಿನ ಸಂಸಾರ 25 ಗ್ರಾಮಿನಲ್ಲಿ ನಿಲ್ಲುವುದಿಲ್ಲ. ಮುದ್ದೆ ಬಡವರದು, ಚಪಾತಿ ಆರೋಗ್ಯದ್ದು ಎಂಬ ಒಂದು ಕಾಲದ ನಂಬಿಕೆಯೂ ಇದಕ್ಕೆ ಸೇರಿಕೊಂಡಿತು.

ಈಗ ಗಾಳಿ ತಿರುಗಿದೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಗೆ ಬಂದ ದೊಡ್ಡ ಹೋಟೆಲುಗಳ ಪಟ್ಟಿಗಳಲ್ಲಿ ಗ್ಲುಟೆನ್ ಫ್ರೀ ಎಂಬ ಮಾತೂ ಕಾಣುತ್ತದೆ. ಆ ಎರಡು ಪದಗಳನ್ನು ಎಷ್ಟು ನಂಬಬಹುದು? ಅಮೆರಿಕದಲ್ಲಿ ಸೀಲಿಯಾಕ್ ಇರುವವರು ಕಿಸೆಯಲ್ಲಿಟ್ಟುಕೊಳ್ಳುವ ಪುಟ್ಟ ಪರೀಕ್ಷಾ ಯಂತ್ರದಿಂದ ಹೋಟೆಲಿನ ತಟ್ಟೆಗಳನ್ನು ತಾವೇ ಪರೀಕ್ಷಿಸಿದರು. 5,624 ಪರೀಕ್ಷೆಗಳ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಗ್ಲುಟೆನ್ ಇಲ್ಲ ಎಂದು ಕೊಟ್ಟ ತಿನಿಸಿನಲ್ಲೇ ಶೇ. 32ರಲ್ಲಿ ಗ್ಲುಟೆನ್ ಇತ್ತು. ಪಿಜ್ಜಾದಲ್ಲಂತೂ ಅರ್ಧಕ್ಕಿಂತ ಹೆಚ್ಚು. ಕಾರಣ ಹಿಟ್ಟಲ್ಲ, ಎಲ್ಲಕ್ಕೂ ಒಂದೇ ಒಲೆ ಬಳಸಿದ್ದಿರಬಹುದು. ಯಶವಂತಪುರದ ದೋಸೆ ಕಲ್ಲಿನ ತೊಂದರೆಯೇ ಅಲ್ಲಿಯದೂ.

ನಮ್ಮಲ್ಲಿ 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಕೇಂದ್ರ ಪರವಾನಗಿ ಇರುವ, ಇಲ್ಲವೇ ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಮ್ಮ ತಿನಿಸಿನಲ್ಲಿ ಗ್ಲುಟೆನ್ ಇರುವ ಧಾನ್ಯವೂ ಸೇರಿದಂತೆ ಅಲರ್ಜಿ ತರುವ ಪದಾರ್ಥಗಳಿವೆಯೇ ಎಂದು ತಿಳಿಸಬೇಕು. ನಿಯಮ ತಂದವರು ಮಾಡಬೇಕಾದದ್ದನ್ನೇ ಮಾಡಿದ್ದಾರೆ. ಆದರೆ ಯಲಹಂಕ ಹಳೇ ಪೇಟೆಯ ಒಂದೇ ಅಂಗಡಿಯ ಹೋಟೆಲು, ಮತ್ತಿಕೆರೆಯ ಗಾಡಿ, ಮೆಸ್ಸು, ಮದುವೆ ಮನೆಯ ಅಡುಗೆಯವರು ಈ ನಿಯಮದ ಹೊರಗೆ. ಊರು ತಿನ್ನುವುದು ಬಹುಪಾಲು ಅಲ್ಲಿಯೇ. ದೊಡ್ಡ ಯಂತ್ರ, ದೊಡ್ಡ ಖರ್ಚು ಅವರಿಗೆ ಬೇಕಿಲ್ಲ. ಅಕ್ಕಿ ದೋಸೆಗೇ ಮೀಸಲಾದ ಒಂದು ಕಾವಲಿ, ಒಂದು ಪೊರಕೆ, ವಡೆಗೇ ಒಂದು ಬಾಣಲೆ, ಗೋಧಿ ಬೆರೆಸದ ಇಂಗಿನ ಒಂದು ಡಬ್ಬಿ ಇದ್ದರೆ ಆಗುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಪೇಟೆಯಲ್ಲಿ ಸಿಗುತ್ತದೆ.

ಅಂಥ ಏರ್ಪಾಡು ಬರುವತನಕ ಗೊತ್ತಿದ್ದವರು ಮಾಡಬಹುದಾದದ್ದು ಹೊತ್ತನ್ನು ಆರಿಸಿಕೊಳ್ಳುವುದು. ಬೆಳಿಗ್ಗೆ ಆರೂವರೆಗೆ ಹೋಟೆಲಿನ ಬಾಗಿಲು ತೆರೆಯುವಾಗಲೇ ಹೋಗುವುದು. ಹಿಂದಿನ ರಾತ್ರಿ ಉಜ್ಜಿ ತೊಳೆದ ಕಲ್ಲು ಆಗಷ್ಟೇ ಕಾಯುತ್ತಿರುತ್ತದೆ, ರವೆ ದೋಸೆಯ ಹಿಟ್ಟು ಇನ್ನೂ ಕಲಸಿರುವುದಿಲ್ಲ, ಹೊಸ ಎಣ್ಣೆಗೆ ಪೂರಿ ಬಿದ್ದಿರುವುದಿಲ್ಲ. 'ಭಟ್ರೇ, ಹಿಟ್ಟಿಗೆ ರವೆ ಹಾಕಿಲ್ಲ ತಾನೇ? ಮೊದಲನೇ ಖಾಲಿ ದೋಸೆ ನಂಗೆ ಕೊಡಿ, ಸಾಂಬಾರ್ ಬೇಡ, ಒಗ್ಗರಣೆ ಹಾಕದ ಕಾಯಿ ಚಟ್ನಿ ಇದ್ದರೆ ಸಾಕು' ಎಂದರೆ, ಕಾರಣ ಕೇಳಿ ತಿಳಿದುಕೊಂಡ ಮೇಲೆ ಬಹಳ ಭಟ್ಟರು ಇಲ್ಲ ಎನ್ನುವುದಿಲ್ಲ. ಈರುಳ್ಳಿಯ ಹೋಳಿನಿಂದ ಎಣ್ಣೆ ಸವರಿ, ಒಂದು ಸೌಟು ಹಿಟ್ಟು ಹುಯ್ದು, ನಡುವಿನಿಂದ ಅಂಚಿಗೆ ತಿರುವುತ್ತಾರೆ.